ನೆರಳು ದಾಟುವ ಪಾತ್ರ ಮತ್ತು ಮುಚ್ಚಿದ ಬಾಗಿಲು: ಹೌಸ್ ರೂಲ್ ಶಕ್ತಿಗಳ ದೋಷ ನಿವಾರಣೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ನಡೆಸುವ ಆಟದಲ್ಲಿ, ಆಟಗಾರರೊಬ್ಬರು ನಿಯಮ ಪುಸ್ತಕದಲ್ಲಿಲ್ಲದ ಶಕ್ತಿಯೊಂದನ್ನು ತಮ್ಮ ಪಾತ್ರಕ್ಕೆ ಕೇಳುತ್ತಾರೆ, ಆಟ ನಡೆಸುವ ಗೇಮ್ ಮಾಸ್ಟರ್ ಒಪ್ಪಿ ಅದಕ್ಕೊಂದು ಹೌಸ್ ರೂಲ್ (ಆ ಮೇಜಿಗಷ್ಟೇ ಅನ್ವಯಿಸುವ ನಿಯಮ) ಬರೆದುಕೊಡುತ್ತಾರೆ, ಮೂರ್ನಾಲ್ಕು ಸೆಷನ್ (ಒಂದು ಸಲದ ಕೂಟ) ಕಳೆಯುವಷ್ಟರಲ್ಲಿ ಮೇಜಿನ ಸುತ್ತ ಕುಳಿತವರಲ್ಲಿ ಯಾರಾದರೊಬ್ಬರು "ಆ ಪಾತ್ರದ ಬಲ ಅತಿಯಾಯಿತು" ಎನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದೊಡನೆ ನಾವು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ನಿಯಮದಲ್ಲಿ ಎದ್ದು ಕಾಣುವ ಅಂಕಿಯನ್ನು ಹುಡುಕಿ ಅದನ್ನು ಇಳಿಸುತ್ತೇವೆ. ಹಲವು ವರ್ಷ ಆಟ ನಡೆಸಿದ ಮೇಲೆ ನನಗೆ ತಿಳಿದದ್ದು, ಆ ಅಂಕಿಯೇ ತೊಂದರೆಯ ಮೂಲವಾಗಿರುವುದು ಅಪರೂಪ ಎಂಬುದು. ಶಕ್ತಿ ಎಷ್ಟು ಸಲ ಕೆಲಸಕ್ಕೆ ಬರುತ್ತದೆ, ಅದು ಬಂದಾಗ ಮೇಜಿನ ಮೇಲಿದ್ದ ಯಾವ ಪ್ರಶ್ನೆ ಇಲ್ಲವಾಗುತ್ತದೆ, ಆ ಪ್ರಶ್ನೆಗೆ ಉತ್ತರಿಸುವುದು ಬೇರೆ ಯಾರ ಪಾಲಿನ ಕೆಲಸವಾಗಿತ್ತು ಎಂಬ ಮೂರು ಕಡೆಗಳಲ್ಲಿ ದೋಷ ಹೆಚ್ಚಾಗಿ ಅಡಗಿರುತ್ತದೆ. ಕೆಳಗಿನ ಕ್ರಮವು ಆ ಜಾಗವನ್ನು ಪತ್ತೆಹಚ್ಚಲು ಬರೆದದ್ದು. ಲೆಕ್ಕಗಳಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡಿದ್ದೇನೆ. ಬೇರೆ ದಾಳಗಳ ಆಟಗಳಿಗೆ ಎಲ್ಲಿ ಲೆಕ್ಕ ಬದಲಾಗುತ್ತದೆಯೋ ಅಲ್ಲಿ ಹೇಳಿದ್ದೇನೆ.

ಮೊದಲು ದೂರನ್ನು ಬಿಡಿಸಿ ನೋಡುವುದು

"ಬಲ ಅತಿಯಾಯಿತು" ಎಂಬ ಒಂದೇ ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ತೊಂದರೆಗಳಿರಬಹುದು. ಕಾಳಗಗಳು ಎರಡನೇ ಸುತ್ತಿಗೇ ಮುಗಿಯುತ್ತಿದ್ದರೆ ಅದು ಲೆಕ್ಕದ ಕಡೆಯ ಸೂಚನೆ. ಕಾಳಗಗಳು ಸರಿಯಾಗಿಯೇ ನಡೆದು, ಇನ್ನೊಬ್ಬ ಆಟಗಾರರು ಮಾತ್ರ ದಾಳ ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದರೆ ಅದು ಪಾಲಿನ ತೊಂದರೆ. ಗೇಮ್ ಮಾಸ್ಟರ್ ಎರಡು ಗಂಟೆ ಕುಳಿತು ಸಿದ್ಧಪಡಿಸಿದ ದೃಶ್ಯ ಎರಡು ನಿಮಿಷದಲ್ಲಿ ಕರಗಿಹೋಗುತ್ತಿದ್ದರೆ ಆ ಶಕ್ತಿ ಒಂದು ಪ್ರಶ್ನೆಯನ್ನೇ ಅಳಿಸುತ್ತಿದೆ ಎಂದರ್ಥ. ಆದ್ದರಿಂದ ದೂರು ಹೇಳಿದವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಆ ಶಕ್ತಿ ಬಳಕೆಯಾದ ಯಾವ ಕ್ಷಣ ಅವರಿಗೆ ಕಿರಿಕಿರಿ ಎನಿಸಿತು, ಆ ಕ್ಷಣದಲ್ಲಿ ಅವರು ಏನು ಮಾಡಬೇಕೆಂದಿದ್ದರು ಎಂದು ಕೇಳಬೇಕು. ಶಕ್ತಿ ಹೇಗಿರಬೇಕಿತ್ತು ಎಂದು ಮಾತ್ರ ಕೇಳಬಾರದು. ಹಾಗೆ ಕೇಳಿದರೆ ಅವರೂ ಅಂಕಿಯನ್ನೇ ತೋರಿಸುತ್ತಾರೆ, ಏಕೆಂದರೆ ಕಾಗದದ ಮೇಲೆ ಕಾಣುವುದು ಅದೊಂದೇ.

ಹಲವು ಸೆಷನ್‌ಗಳ ಕಥೆಯಾಗಿ ನಾನು ನಡೆಸಿದ ಒಂದು ಕ್ಯಾಂಪೇನ್‌ನಲ್ಲಿ ಆದದ್ದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಬಹುಪಾಲು ಮಾತು ಅಲ್ಲಿಂದಲೇ ಬರುತ್ತದೆ. ಆಟಗಾರರೊಬ್ಬರು ನೆರಳಿನಿಂದ ನೆರಳಿಗೆ ದಾಟುವ ಪಾತ್ರವನ್ನು ಬಯಸಿದರು. ನಾನು ಬರೆದುಕೊಟ್ಟ ನಿಯಮ ಹೀಗಿತ್ತು: "ತನ್ನ ಸರದಿಯಲ್ಲಿ ಒಮ್ಮೆ, ಬೋನಸ್ ಆಕ್ಷನ್ ವ್ಯಯಿಸಿ, 30 ಅಡಿಯೊಳಗಿನ ಯಾವುದೇ ನೆರಳಿಗೆ ದಾಟಬಹುದು, ದಾಟಿದ ನಂತರದ ಮೊದಲ ಹೊಡೆತಕ್ಕೆ ಅಡ್ವಾಂಟೇಜ್ ಇದೆ." ಬೋನಸ್ ಆಕ್ಷನ್ ಎಂದರೆ ಸರದಿಯ ಮುಖ್ಯ ಕ್ರಿಯೆಯ ಜೊತೆಗೆ ಸಿಗುವ ಸಣ್ಣ ಕ್ರಿಯೆ; ಅಡ್ವಾಂಟೇಜ್ ಎಂದರೆ ಒಂದರ ಬದಲು ಎರಡು ಇಪ್ಪತ್ತು ಮುಖದ ದಾಳ ಉರುಳಿಸಿ ಹೆಚ್ಚಿನ ಗರವನ್ನು ಹಿಡಿಯುವುದು. ಪಾತ್ರ ಮೊದಲ ಲೆವೆಲ್‌ನಲ್ಲಿತ್ತು. ನಾಲ್ಕನೇ ಸೆಷನ್ ಮುಗಿದಾಗ ಬೀಗ ತೆರೆಯುವ ಪಾತ್ರದ ಆಟಗಾರರು ಆ ಶಕ್ತಿ ಹೆಚ್ಚಾಯಿತೆಂದರು. ನಾನು ಯೋಚಿಸದೆ ಅಡ್ವಾಂಟೇಜ್ ಕಿತ್ತುಹಾಕಿದೆ. ಮುಂದಿನ ಸೆಷನ್‌ನಲ್ಲಿ ನೆರಳು ದಾಟುವವರು ಮುಖ ಸಪ್ಪಗೆ ಮಾಡಿಕೊಂಡು ಆಡಿದರು. ದೂರು ಹೇಳಿದವರ ಅಸಮಾಧಾನವೂ ಒಂದಿಷ್ಟೂ ಇಳಿಯಲಿಲ್ಲ. ಇಬ್ಬರಿಗೂ ನಷ್ಟವಾಗಿ ಯಾರಿಗೂ ಲಾಭವಾಗದ ಇಂಥ ತಿದ್ದುಪಡಿಯೇ, ದೋಷವನ್ನು ತಪ್ಪು ಜಾಗದಲ್ಲಿ ಹುಡುಕಿದ್ದೇವೆ ಎಂಬುದರ ಮೊದಲ ಗುರುತು.

ಮೂರು ಸೆಷನ್‌ಗಳ ದಾಖಲೆ

ಅಡ್ವಾಂಟೇಜನ್ನು ಮರಳಿಸಿ, ಮುಂದಿನ ಮೂರು ಸೆಷನ್ ಏನನ್ನೂ ಬದಲಿಸದೆ ಬರೀ ಬರೆದಿಟ್ಟುಕೊಂಡೆ. ಬರೆಯಬೇಕಾದದ್ದು ಹೆಚ್ಚಿಲ್ಲ: ಶಕ್ತಿ ಬಳಕೆಯಾದ ಪ್ರತಿ ಸಲ ಒಂದು ಗೀಟು, ಅದು ಕಾಳಗದಲ್ಲೋ ಹೊರಗೋ ಎಂಬ ಗುರುತು, ಆ ಶಕ್ತಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ನಾಲ್ಕೈದು ಪದ, ಮತ್ತು ಆಗ ಕೆಲಸ ಕಳೆದುಕೊಂಡ ಪಾತ್ರದ ಹೆಸರು. ಅಡ್ವಾಂಟೇಜ್ ಇರುವ ಹೊಡೆತಗಳಿಗೆ ಆಟಗಾರರು ಒಂದು ಕಪ್ಪು, ಒಂದು ಬಿಳಿ ದಾಳವನ್ನು ಒಟ್ಟಿಗೆ ಉರುಳಿಸಬೇಕೆಂದು ಕೇಳಿಕೊಂಡೆ. ಕಪ್ಪು ದಾಳದ ಗರ ಸಾಲದೆ ಬಿಳಿಯದು ಸಾಕಾದಾಗ ಮಾತ್ರ ಅಡ್ವಾಂಟೇಜ್ ನಿಜವಾಗಿ ಕೆಲಸ ಮಾಡಿತೆಂದು ಲೆಕ್ಕ. ಕಪ್ಪು ದಾಳವೇ ತಾಗಿಸಿದ್ದರೆ ಅಡ್ವಾಂಟೇಜ್ ಇಲ್ಲದಿದ್ದರೂ ಆ ಹೊಡೆತ ತಾಗುತ್ತಿತ್ತು. ಈ ಸಣ್ಣ ಉಪಾಯದಿಂದ ಆಟದ ವೇಗ ಕುಂದುವುದಿಲ್ಲ, ನೆನಪಿನ ಮೇಲೆ ಭಾರವೂ ಬೀಳುವುದಿಲ್ಲ.

ಮೂರು ಸೆಷನ್‌ಗಳಲ್ಲಿ ಶಕ್ತಿ 19 ಸಲ ಬಳಕೆಯಾಗಿತ್ತು. 14 ಸಲ ಕಾಳಗದಲ್ಲಿ, 5 ಸಲ ಹೊರಗೆ. ಕಾಳಗದ 14ರಲ್ಲಿ ಬಿಳಿ ದಾಳ ಹೊಡೆತವನ್ನು ಉಳಿಸಿದ್ದು 4 ಸಲ ಮಾತ್ರ. ಹೊರಗಿನ 5 ಬಳಕೆಗಳಾದರೋ ಐದೂ ಬಾಗಿಲುಗಳ ಮುಂದೆ ಆಗಿದ್ದವು, ಐದರಲ್ಲೂ ಕೆಲಸ ಕಳೆದುಕೊಂಡವರ ಜಾಗದಲ್ಲಿ ಒಂದೇ ಹೆಸರಿತ್ತು. ಆ ಹಾಳೆಯನ್ನು ದೂರು ಹೇಳಿದವರ ಮುಂದಿಟ್ಟಾಗ ಅವರು, "ನಾನು ಬೀಗಕ್ಕೆ ಕೈ ಹಾಕುವ ಹೊತ್ತಿಗೆ ಅವರು ಒಳಗಿನಿಂದ ಚಿಲಕ ತೆಗೆದಿರುತ್ತಾರೆ" ಎಂದರು. ನಾಲ್ಕನೇ ಸೆಷನ್ನಿನ ಕೊನೆಗೆ ಅವರು ಹೇಳಬಯಸಿದ್ದು ಇದೇ ಮಾತನ್ನು. ಆಗ ಅವರಿಗೇ ಅದು ಸ್ಪಷ್ಟವಿರಲಿಲ್ಲ.

ಲೆಕ್ಕದ ದೋಷವೇ ಎಂದು ಪರೀಕ್ಷಿಸುವುದು

ಕೆಲವೊಮ್ಮೆ ದೋಷ ನಿಜಕ್ಕೂ ಅಂಕಿಯಲ್ಲೇ ಇರುತ್ತದೆ, ಆಗ ಊಹಿಸುವುದಕ್ಕಿಂತ ಅಳೆಯುವುದು ಸುಲಭ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಮುಖಕ್ಕೆ ಶೇ. 5ರ ಪಾಲಿರುವುದರಿಂದ +1 ಎಂದರೆ ಎಲ್ಲಿ ನಿಂತರೂ ಐದು ಅಂಶಗಳ ಏರಿಕೆ. ಅಡ್ವಾಂಟೇಜ್ ಹಾಗಲ್ಲ. ತಾಗಲು 11 ಅಥವಾ ಹೆಚ್ಚಿನ ಗರ ಬೇಕಿದ್ದಾಗ ಅದು ಶೇ. 50ನ್ನು 75ಕ್ಕೆ ಏರಿಸುತ್ತದೆ, ಅಂದರೆ +5ಕ್ಕೆ ಸಮ. 16 ಬೇಕಿದ್ದಾಗ 25ನ್ನು 43.75ಕ್ಕೆ ಏರಿಸುತ್ತದೆ, 20ರ ಗರವೇ ಬೇಕಿದ್ದಾಗ 5ನ್ನು 9.75ಕ್ಕೆ ಮಾತ್ರ. ಆದ್ದರಿಂದ ಒಂದು ಶಕ್ತಿ ಅಡ್ವಾಂಟೇಜ್ ಕೊಡುತ್ತಿದ್ದರೆ, ಪಾತ್ರಕ್ಕೆ ಸಾಮಾನ್ಯವಾಗಿ ಎಷ್ಟು ಗರ ಬೇಕಾಗುತ್ತದೆ ಎಂದು ಮೊದಲು ನೋಡಬೇಕು. ಹೌಸ್ ರೂಲ್ ಬರೆಯುವವರು ಉತ್ಸಾಹದಲ್ಲಿ "ಮೂರನೇ ದಾಳವನ್ನೂ ಉರುಳಿಸಬಹುದು" ಎಂದು ಬರೆಯುವುದುಂಟು. ಆಗ 11 ಬೇಕಿದ್ದಲ್ಲಿ ಸಾಧ್ಯತೆ ಶೇ. 87.5ಕ್ಕೆ ಹೋಗಿ, ಗರದ ಸರಾಸರಿ 10.5ರಿಂದ 15.5ರ ಹತ್ತಿರಕ್ಕೆ ಜಿಗಿಯುತ್ತದೆ. ಪುಸ್ತಕದ ನಿಯಮದಲ್ಲಿ ಎಷ್ಟು ಕಡೆಯಿಂದ ಅಡ್ವಾಂಟೇಜ್ ಬಂದರೂ ದಾಳ ಎರಡೇ ಎಂದಿರುವುದು ಸುಮ್ಮನೆ ಅಲ್ಲ.

ಹಾನಿಯ ಲೆಕ್ಕದಲ್ಲಿ ಹೆಚ್ಚು ಮೋಸ ಹೋಗುವುದು "ತಾಗಿದ ಪ್ರತಿ ಹೊಡೆತಕ್ಕೂ" ಎಂಬ ಪದಗಳಲ್ಲಿ. ಐದನೇ ಲೆವೆಲ್‌ನ ಯೋಧನೊಬ್ಬ ಸರದಿಗೆ ಎರಡು ಬಾರಿ ಹೊಡೆಯುತ್ತಾನೆ, ಪ್ರತಿ ಹೊಡೆತ ಶೇ. 60 ತಾಗುತ್ತದೆ, ತಾಗಿದರೆ ಸರಾಸರಿ 8.5 ಹಾನಿ ಎಂದಿಟ್ಟುಕೊಳ್ಳೋಣ. ಕ್ರಿಟಿಕಲ್ (20ರ ಗರ ಬಿದ್ದಾಗಿನ ಹೆಚ್ಚಿನ ಹಾನಿ) ಬಿಟ್ಟರೆ ಸುತ್ತಿಗೆ 10.2 ಹಾನಿ. ಈಗ ಆತನ ಕೈಗಳು ಉರಿಯುತ್ತವೆ, ತಾಗಿದ ಪ್ರತಿ ಹೊಡೆತಕ್ಕೂ ಒಂದು ಆರುಮುಖದ ದಾಳದಷ್ಟು ಹೆಚ್ಚುವರಿ ಹಾನಿ ಎಂದು ಹೌಸ್ ರೂಲ್ ಬರೆದರೆ ಲೆಕ್ಕ 14.4ಕ್ಕೆ ಏರುತ್ತದೆ, ಅದು ಶೇ. 41ರ ಏರಿಕೆ. ಅದೇ ನಿಯಮವನ್ನು "ಸರದಿಗೆ ಒಮ್ಮೆ" ಎಂದು ಬರೆದರೆ 13.1ರಷ್ಟಕ್ಕೆ ನಿಲ್ಲುತ್ತದೆ. ಈ ಹಂತದಲ್ಲಿ ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ಹನ್ನೊಂದನೇ ಲೆವೆಲ್‌ನಲ್ಲಿ ಯೋಧನಿಗೆ ಮೂರನೆಯ ಹೊಡೆತ ಬಂದಾಗ "ಪ್ರತಿ ಹೊಡೆತ"ದ ಉರಿಯಿಂದ ಸುತ್ತಿಗೆ 6.3 ಹಾನಿ ಬರುತ್ತದೆ, "ಸರದಿಗೆ ಒಮ್ಮೆ"ಯ ಉರಿಯಿಂದ 3.3 ಮಾತ್ರ. ಅಂಕಿ ಬದಲಾಗಿಲ್ಲ, ದಾಳ ಬದಲಾಗಿಲ್ಲ, ಬರೆದವರು ಮುಟ್ಟಿಯೂ ಇಲ್ಲ; ಆದರೂ ಶಕ್ತಿ ತಾನಾಗಿ ಬೆಳೆದುಬಿಟ್ಟಿದೆ. ಕಳ್ಳನಂಥ ರೋಗ್ ಪಾತ್ರದ ಸ್ನೀಕ್ ಅಟ್ಯಾಕ್ (ಹೊಂಚು ಹೊಡೆತದ ಹೆಚ್ಚುವರಿ ಹಾನಿ) ಏಕೆ ಸರದಿಗೆ ಒಮ್ಮೆ ಎಂದಿದೆ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲೇ ಉತ್ತರ ಸಿಗುತ್ತದೆ.

ಅಳತೆಗೋಲು ಆರಿಸುವಾಗ ಒಂದು ಎಚ್ಚರಿಕೆ ಬೇಕು. ಹಲವರು ತಮ್ಮ ಹೌಸ್ ರೂಲನ್ನು ಬೆಂಕಿಯುಂಡೆ ಸಿಡಿಸುವ ಫೈರ್‌ಬಾಲ್ ಮಂತ್ರದ ಪಕ್ಕದಲ್ಲಿಟ್ಟು "ಅದಕ್ಕಿಂತ ಕಡಿಮೆಯೇ ಇದೆ" ಎಂದು ಸಮಾಧಾನಪಡುತ್ತಾರೆ. ಆದರೆ ಹೊಸ ಮಂತ್ರ ರಚಿಸುವವರಿಗೆ ಗೇಮ್ ಮಾಸ್ಟರ್‌ಗಳ ಕೈಪಿಡಿಯೇ ಕೊಡುವ ಪಟ್ಟಿಯ ಪ್ರಕಾರ, ಹಲವರನ್ನು ಒಟ್ಟಿಗೆ ಹೊಡೆಯುವ ಮೂರನೇ ಹಂತದ ಮಂತ್ರಕ್ಕೆ 6 ಆರುಮುಖದ ದಾಳ, ಅಂದರೆ ಸರಾಸರಿ 21. ಫೈರ್‌ಬಾಲ್‌ಗೆ ಇರುವುದು 8 ದಾಳ, ಸರಾಸರಿ 28. ಪುಸ್ತಕವೇ ತನ್ನ ಅಳತೆ ಮೀರಿದ ಕಡೆ ಅದನ್ನೇ ಗೋಲಾಗಿ ಹಿಡಿದರೆ ಅಳತೆ ಸರಿಬಾರದು.

ದಾಳ ಬೇರೆಯಾದರೆ ಅಂಕಿಯ ತೂಕವೂ ಬೇರೆ. ಗರ್ಪ್ಸ್‌ನಂತೆ ಮೂರು ಆರುಮುಖದ ದಾಳಗಳನ್ನು ಉರುಳಿಸಿ ಕೌಶಲದ ಅಂಕಿಗಿಂತ ಕಡಿಮೆ ಅಥವಾ ಸಮ ಬರಬೇಕಾದ ಆಟದಲ್ಲಿ ಕೌಶಲ 10ರಿಂದ 11ಕ್ಕೆ ಏರಿದರೆ ಸಾಧ್ಯತೆ ಶೇ. 50ರಿಂದ 62.5ಕ್ಕೆ ಹೋಗುತ್ತದೆ, 15ರಿಂದ 16ಕ್ಕೆ ಏರಿದರೆ ಸಿಗುವುದು ಮೂರು ಅಂಶಕ್ಕೂ ಕಡಿಮೆ. ಎರಡು ಆರುಮುಖದ ದಾಳಗಳನ್ನು ಕೂಡಿ 6 ಅಥವಾ ಕಡಿಮೆ ಬಂದರೆ ಸೋಲು ಎನ್ನುವ ಆಟಗಳಲ್ಲಿ ಒಂದೇ ಒಂದು +1 ಸೋಲಿನ ಸಾಧ್ಯತೆಯನ್ನು ಶೇ. 41.7ರಿಂದ 27.8ಕ್ಕೆ ಇಳಿಸುತ್ತದೆ. ಒಂದು ಆಟದ ಹೌಸ್ ರೂಲನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಕೊಂಡು ಹೋದವರು ಎಡವುವುದು ಇಲ್ಲೇ.

ಎಷ್ಟು ಸಲ ಎಂಬಲ್ಲಿನ ದೋಷ

"ಲಾಂಗ್ ರೆಸ್ಟ್‌ಗೆ ಒಮ್ಮೆ" ಎಂದು (ಲಾಂಗ್ ರೆಸ್ಟ್ ಎಂದರೆ ಪಾತ್ರಗಳು ರಾತ್ರಿಯಿಡೀ ಪಡೆಯುವ ವಿಶ್ರಾಂತಿ, ಶಾರ್ಟ್ ರೆಸ್ಟ್ ಎಂದರೆ ನಡುವಿನ ಸಣ್ಣ ಬಿಡುವು) ಬರೆದ ಶಕ್ತಿಯೂ ಅತಿಯಾಗಿದ್ದರೆ, ನಿಯಮವನ್ನು ಬಿಟ್ಟು ಆಟದ ದಿನಚರಿಯನ್ನು ನೋಡಬೇಕು. 2014ರ ಆವೃತ್ತಿಯ ಲೆಕ್ಕಾಚಾರವು ಎರಡು ಲಾಂಗ್ ರೆಸ್ಟ್‌ಗಳ ನಡುವೆ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಮುಖಾಮುಖಿಗಳನ್ನು ಪಾತ್ರಗಳು ನಿಭಾಯಿಸಬಲ್ಲವು ಎಂದು ಭಾವಿಸಿದೆ. ನಾನು ಕಂಡ ಬಹುತೇಕ ಮೇಜುಗಳಲ್ಲಿ ಕಥೆಯ ದಿನಕ್ಕೆ ಒಂದೇ ಕಾಳಗ ನಡೆಯುತ್ತದೆ. ಪ್ರತಿ ಕಾಳಗಕ್ಕೆ ಮೂರು ಸುತ್ತು ಎಂದರೆ, ಆರು ಕಾಳಗಗಳ ದಿನದಲ್ಲಿ ಆ ಶಕ್ತಿ 18 ಸುತ್ತಿಗೆ ಒಮ್ಮೆ ಬರುತ್ತದೆ, ಒಂದು ಕಾಳಗದ ದಿನದಲ್ಲಿ ಮೂರು ಸುತ್ತಿಗೆ ಒಮ್ಮೆ. ಬರೆದದ್ದಕ್ಕಿಂತ ಆರು ಪಟ್ಟು ಶಕ್ತಿಯನ್ನು ಗೇಮ್ ಮಾಸ್ಟರ್‌ರೇ ಅರಿವಿಲ್ಲದೆ ಕೊಟ್ಟಂತಾಯಿತು. ಇದನ್ನು ಪರೀಕ್ಷಿಸುವ ಬಗೆ ಸರಳ: ಅದೇ ಮೇಜಿನಲ್ಲಿ ಪುಸ್ತಕದ ಪ್ರಕಾರವೇ ಆಡುತ್ತಿರುವ ಮಂತ್ರವಾದಿ ಪಾತ್ರವೂ ಮೆರೆಯುತ್ತಿದೆಯೇ ಎಂದು ನೋಡುವುದು. ಮೆರೆಯುತ್ತಿದ್ದರೆ ಹೌಸ್ ರೂಲ್ ನಿರಪರಾಧಿ. ಕಥೆಯ ಓಟವೇ ನಿಧಾನವಾಗಿದ್ದರೆ ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ ಎಂಬ ಐಚ್ಛಿಕ ನಿಯಮ ಕೈಪಿಡಿಯಲ್ಲೇ ಇದೆ. ಅದು ಎಲ್ಲ ಪಾತ್ರಗಳನ್ನೂ ತಾಗುವುದರಿಂದ ಎಲ್ಲರನ್ನೂ ಕೇಳಿಯೇ ಜಾರಿಗೆ ತರಬೇಕು.

ಪ್ರಶ್ನೆಯನ್ನೇ ಅಳಿಸುವ ಶಕ್ತಿಗಳು

ಹಾನಿಯ ಅಂಕಿ ಒಂದು ಪ್ರಶ್ನೆಯ ಉತ್ತರವನ್ನು ಸ್ವಲ್ಪ ವಾಲಿಸುತ್ತದೆ. ಸುಳ್ಳನ್ನು ತಪ್ಪದೆ ಗುರುತಿಸುವುದು, ಸದಾ ಹಾರುವುದು, ಗೋಡೆಯ ಆಚೆ ಹೋಗುವುದು ಇಂಥವು ಪ್ರಶ್ನೆಯನ್ನೇ ತೆಗೆದುಹಾಕುತ್ತವೆ. ಕಂದಕವನ್ನು ದಾಟುವುದು ಹೇಗೆ ಎಂಬ ಪ್ರಶ್ನೆಯ ಸುತ್ತ ಐದು ಜನ ಅರ್ಧ ಗಂಟೆ ತಲೆ ಕೆಡಿಸಿಕೊಳ್ಳಬಹುದಿತ್ತು. ಹಾರುವ ಪಾತ್ರವಿದ್ದಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಾರಾಟದ ವಿಚಾರದಲ್ಲಿ ಪ್ರಕಾಶಕರು ಪಟ್ಟ ಪಾಡೇ ಪಾಠವಾಗಬಲ್ಲದು. 2015ರಲ್ಲಿ ಆಟಗಾರರಿಗೆ ಬಿಡುಗಡೆಯಾದ ಹಕ್ಕಿರೂಪದ ಆರಾಕೋಕ್ರಾ ಕುಲಕ್ಕೆ ಮೊದಲ ಲೆವೆಲ್‌ನಿಂದಲೇ 50 ಅಡಿ ಹಾರುವ ವೇಗವಿತ್ತು. ಮಧ್ಯಮ ಅಥವಾ ಭಾರಿ ಕವಚ ತೊಟ್ಟಾಗ ಹಾರಲಾಗದು ಎಂಬುದಷ್ಟೇ ಕಡಿವಾಣ. 2022ರ ಪರಿಷ್ಕರಣೆಯಲ್ಲಿ ಹಾರುವ ವೇಗವನ್ನು ನಡೆಯುವ ವೇಗಕ್ಕೆ ಸಮ ಮಾಡಿ 30 ಅಡಿಗೆ ಇಳಿಸಲಾಯಿತು. ಅಂಕಿಯೇನೋ ಇಳಿಯಿತು, ಆದರೆ 30 ಅಡಿ ಹಾರುವವರೂ ಕಂದಕವನ್ನು ದಾಟಿಯೇ ದಾಟುತ್ತಾರೆ, ಬಿಲ್ಲು ಹಿಡಿದು ನೆಲದ ಮೇಲಿನ ತೋಳಗಳ ಬಾಯಿಗೆ ಎಟುಕದ ಎತ್ತರದಲ್ಲಿ ನಿಂತೇ ನಿಲ್ಲುತ್ತಾರೆ. ಇದಕ್ಕೆ ಬದಲು ಫ್ಲೈ ಮಂತ್ರವನ್ನು ನೋಡಿ. ಅದರ ವೇಗ 60 ಅಡಿ, ಆರಾಕೋಕ್ರಾಗಿಂತ ಹೆಚ್ಚು. ಆದರೂ ಯಾರೂ ದೂರುವುದಿಲ್ಲ, ಏಕೆಂದರೆ ಅದು ಮೂರನೇ ಹಂತದ ಮಂತ್ರವಾದ್ದರಿಂದ ಐದನೇ ಲೆವೆಲ್‌ಗೆ ಮುಂಚೆ ಸಿಗದು, 10 ನಿಮಿಷ ಮಾತ್ರ ಇರುತ್ತದೆ, ಮತ್ತು ಏಕಾಗ್ರತೆ ಬೇಕಾದ್ದರಿಂದ ಮಂತ್ರ ಹಾಕಿದವರಿಗೆ ಪೆಟ್ಟು ಬಿದ್ದಾಗಲೆಲ್ಲ 10 ಅಥವಾ ಹಾನಿಯ ಅರ್ಧ, ಯಾವುದು ಹೆಚ್ಚೋ ಅದನ್ನು ದಾಳದಲ್ಲಿ ಗೆಲ್ಲಬೇಕು. ಸೋತರೆ ಹಾರುತ್ತಿದ್ದವರು ಬೀಳುತ್ತಾರೆ, ಪ್ರತಿ 10 ಅಡಿಗೆ ಒಂದು ಆರುಮುಖದ ದಾಳದ ಹಾನಿ. ಕಂದಕವೇ ಇಲ್ಲಿ ಬೆಲೆ ವಸೂಲಿ ಮಾಡುತ್ತದೆ. ಆದ್ದರಿಂದ ಹಾರುವ ಪಾತ್ರ ಕೇಳಿದವರಿಗೆ ನಾನು ವೇಗ ಕಡಿಮೆ ಮಾಡುವುದಿಲ್ಲ. ನಾಲ್ಕನೇ ಲೆವೆಲ್‌ವರೆಗೆ ಸರದಿ ಮುಗಿಯುವಾಗ ಎಲ್ಲಾದರೂ ಕಾಲೂರಲೇಬೇಕು, ಐದರಿಂದ ಮುಕ್ತ ಹಾರಾಟ ಎಂದು ಬರೆದುಕೊಡುತ್ತೇನೆ. ರೆಕ್ಕೆಗಳು ಬಲಿಯುತ್ತಿವೆ ಎಂಬ ಕಥೆಗೂ ಅದು ಒಪ್ಪುತ್ತದೆ.

ಸುಳ್ಳು ಹಿಡಿಯುವ ಶಕ್ತಿಯನ್ನು ತಿದ್ದುವುದು ಇನ್ನೂ ನಾಜೂಕಿನ ಕೆಲಸ. "ಎದುರಿನವರು ಸುಳ್ಳಾಡಿದರೆ ನನಗೆ ಗೊತ್ತಾಗುತ್ತದೆ" ಎಂಬ ಒಂದು ಸಾಲಿನ ಹೌಸ್ ರೂಲ್ ನೋಡಲು ನಿರುಪದ್ರವಿ, ಅದರಲ್ಲಿ ಇಳಿಸಲು ಒಂದು ಅಂಕಿಯೂ ಇಲ್ಲ. ಒಂದು ಕೊಲೆಯ ಜಾಡು ಹಿಡಿಯುವ ಕಥೆಯಲ್ಲಿ ಅದು ಎಲ್ಲ ಶಂಕಿತರನ್ನೂ ಸಾಲಾಗಿ ನಿಲ್ಲಿಸಿ "ನೀವು ಕೊಂದಿರಾ?" ಎಂದು ಕೇಳುವುದಕ್ಕೆ ಇಡೀ ಸಾಹಸವನ್ನು ಇಳಿಸಿಬಿಡುತ್ತದೆ. ಪುಸ್ತಕದಲ್ಲಿರುವ ಝೋನ್ ಆಫ್ ಟ್ರೂತ್ ಮಂತ್ರ ಇದೇ ಕೆಲಸವನ್ನು ಎಷ್ಟು ಬಂದೋಬಸ್ತಿನಲ್ಲಿ ಮಾಡುತ್ತದೆ ಎಂದು ಪಕ್ಕದಲ್ಲಿಟ್ಟು ಓದಬೇಕು. ಅದಕ್ಕೆ ಎರಡನೇ ಹಂತದ ಮಂತ್ರದ ಖರ್ಚಿದೆ; 15 ಅಡಿ ತ್ರಿಜ್ಯದ ಜಾಗ ಮತ್ತು 10 ನಿಮಿಷದ ಮಿತಿ ಇದೆ; ಎದುರಿನವರಿಗೆ ದಾಳ ಉರುಳಿಸಿ ತಪ್ಪಿಸಿಕೊಳ್ಳುವ ಅವಕಾಶವಿದೆ; ಎಲ್ಲಕ್ಕಿಂತ ಮುಖ್ಯವಾಗಿ, ಮಂತ್ರಕ್ಕೆ ಸಿಕ್ಕವರಿಗೆ ತಾವು ಸಿಕ್ಕಿರುವುದು ಗೊತ್ತಿರುತ್ತದೆ, ಆದ್ದರಿಂದ ಅವರು ಬಾಯಿ ಮುಚ್ಚಿಕೊಂಡಿರಬಹುದು ಅಥವಾ ನಿಜವನ್ನೇ ಸುತ್ತಿಬಳಸಿ ಹೇಳಬಹುದು. ಈ ಕೊನೆಯ ಅಂಶವೇ ನನ್ನ ಮೆಚ್ಚಿನದು. ಅದು ವಿಚಾರಣೆಯ ದೃಶ್ಯವನ್ನು ಕೊಲ್ಲುವುದಿಲ್ಲ. ಸುಳ್ಳಾಡಲಾಗದ ಇಬ್ಬರ ನಡುವಿನ ಚದುರಂಗವಾಗಿ ಅದನ್ನು ಮಾರ್ಪಡಿಸುತ್ತದೆ. ಹೌಸ್ ರೂಲಿಗೆ ಎಲ್ಲ ಕಡಿವಾಣಗಳೂ ಬೇಕಿಲ್ಲ, ಒಂದೆರಡು ಸಾಕು. "ಮಾತಿನಲ್ಲಿ ಎಲ್ಲೋ ಬಿರುಕಿದೆ ಎಂದು ಅನಿಸುತ್ತದೆ, ಯಾವ ಪದದಲ್ಲಿ ಎಂದು ತಿಳಿಯುವುದಿಲ್ಲ" ಎಂದು ಬರೆದರೆ ಶಕ್ತಿ ಉತ್ತರ ಕೊಡುವ ಬದಲು ಸುಳಿವು ಕೊಡುತ್ತದೆ, ಮುಂದಿನ ಕೆಲಸ ಮೇಜಿನ ಎಲ್ಲರಿಗೂ ಉಳಿಯುತ್ತದೆ.

ಇಲ್ಲಿ ಹಲವು ಗೇಮ್ ಮಾಸ್ಟರ್‌ಗಳು ಹಿಡಿಯುವ ಅಡ್ಡದಾರಿ ಒಂದಿದೆ: ನಿಯಮ ಮುಟ್ಟದೆ ಜಗತ್ತನ್ನೇ ತಿರುಚುವುದು. ಎಲ್ಲ ಶಂಕಿತರೂ ತಪ್ಪು ಸಂಗತಿಯನ್ನೇ ಮನಸಾರೆ ನಂಬಿರುತ್ತಾರೆ, ಎಲ್ಲ ಕಾವಲುಗಾರರೂ ಇದ್ದಕ್ಕಿದ್ದಂತೆ ನೆರಳೇ ಬೀಳದಂತೆ ನಾಲ್ಕು ಕಡೆ ದೀಪ ಹಚ್ಚಿಕೊಂಡು ನಿಂತಿರುತ್ತಾರೆ. ನಾನೂ ಹಿಂದೆ ಮಾಡಿದ್ದೇನೆ, ಹೆಮ್ಮೆಪಡುವಂಥದ್ದಲ್ಲ. ಆಟಗಾರರಿಗೆ ಇದು ಒಂದೇ ಸೆಷನ್‌ನಲ್ಲಿ ಅರ್ಥವಾಗುತ್ತದೆ, ಕೊಟ್ಟ ಕೈಯೇ ಹಿಂಬಾಗಿಲಿನಿಂದ ಕಸಿದುಕೊಂಡಿತೆಂಬ ಕಹಿ ಉಳಿಯುತ್ತದೆ. ದೋಷ ನಿಯಮದಲ್ಲಿದ್ದರೆ ನಿಯಮವನ್ನೇ, ಹೇಳಿಯೇ, ತಿದ್ದುವುದು ಮೇಲು.

ಬರವಣಿಗೆಯ ಬಿರುಕು

ಒಂದು ಶಕ್ತಿ ಎಲ್ಲ ಸೆಷನ್‌ಗಳಲ್ಲೂ ಹದವಾಗಿದ್ದು ಒಂದೇ ದಿನ ಹಠಾತ್ತನೆ ಹಳಿ ತಪ್ಪಿದರೆ, ಆಟಗಾರರು ನಿಯಮದ ಪದಗಳಲ್ಲಿ ಒಂದು ಬಿರುಕು ಕಂಡುಕೊಂಡಿದ್ದಾರೆ ಎಂದೇ ತಿಳಿಯಬೇಕು. "ಜೀವಿಯೊಂದನ್ನು ಕೊಂದಾಗ 5 ಹಿಟ್ ಪಾಯಿಂಟ್ (ಪ್ರಾಣಬಲ) ಮರಳಿ ಬರುತ್ತದೆ" ಎಂದು ಬರೆದರೆ, ಇಂದಲ್ಲ ನಾಳೆ ಯಾರಾದರೂ ಚೀಲದ ತುಂಬ ಇಲಿಗಳನ್ನು ಹೊತ್ತು ಬರುತ್ತಾರೆ. ಇದು ಈ ಹವ್ಯಾಸದ ಹಳೆಯ ನಗೆಚಾಟಿಕೆ, ಪರೀಕ್ಷೆಯಾಗಿಯೂ ಉಪಯುಕ್ತ. ಹೊಸ ನಿಯಮವನ್ನು ಬರೆದ ಕೂಡಲೇ, ಇದನ್ನು ಇಲಿಯ ಮೇಲೆ ಬಳಸಿದರೆ ಏನಾಗುತ್ತದೆ, ತನ್ನ ಮೇಲೆಯೇ ಬಳಸಿದರೆ ಏನಾಗುತ್ತದೆ, ಗೆಳೆಯರ ಒಪ್ಪಿಗೆಯಿಂದ ಗೆಳೆಯರ ಮೇಲೆ ಬಳಸಿದರೆ ಏನಾಗುತ್ತದೆ, ಕಾಳಗವಿಲ್ಲದಾಗ ಇಡೀ ದಿನ ಬಳಸುತ್ತ ಕುಳಿತರೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ಮದ್ದು ಬಹಳ ಸಲ ಒಂದೇ ಪದ: "ಜೀವಿ" ಎಂಬಲ್ಲಿ "ನಿಮಗೆ ಅಪಾಯ ಒಡ್ಡಬಲ್ಲ ಶತ್ರು" ಎಂದರಾಯಿತು.

ಎರಡು ಶಕ್ತಿಗಳು ಕೂಡಿದಾಗಿನ ತೊಂದರೆಯೂ ಇದೇ ಜಾತಿಯದು. ಪುಸ್ತಕದ ಶಕ್ತಿಗಳಿಗೆ ಒಂದು ಹೊತ್ತಿಗೆ ಏಕಾಗ್ರತೆ ಬೇಡುವ ಮಂತ್ರ ಒಂದೇ, ಅಟ್ಯೂನ್ ಆಗಬಹುದಾದ (ಪಾತ್ರದೊಡನೆ ಬೆಸೆದುಕೊಳ್ಳುವ) ಮಾಂತ್ರಿಕ ವಸ್ತುಗಳು ಮೂರೇ, ಸುತ್ತಿಗೆ ಒಂದೇ ರಿಯಾಕ್ಷನ್ (ಏನಾದರೂ ಘಟಿಸಿದಾಗ ತಕ್ಷಣ ಮಾಡುವ ಪ್ರತಿಕ್ರಿಯೆ) ಎಂಬ ಬೇಲಿಗಳಿವೆ. ಹೌಸ್ ರೂಲ್ ಬರೆಯುವಾಗ ಈ ಬೇಲಿಗಳಲ್ಲಿ ಒಂದರೊಳಗಾದರೂ ಹೊಸ ಶಕ್ತಿಯನ್ನು ಕಟ್ಟಿಹಾಕದಿದ್ದರೆ, ಉಳಿದೆಲ್ಲದರ ಮೇಲೆ ಅದು ಉಚಿತವಾಗಿ ಸೇರಿಕೊಳ್ಳುತ್ತದೆ.

ಯಾರೂ ಬಳಸದ ಶಕ್ತಿ

ಎದುರು ದಿಕ್ಕಿನ ದೋಷವನ್ನು ಯಾರೂ ದೂರುವುದಿಲ್ಲ, ಆದ್ದರಿಂದ ಅದು ಕಾಣುವುದೂ ಇಲ್ಲ. ಕಲ್ಲುಗಳೊಡನೆ ಮಾತನಾಡುವ ಪಾತ್ರದ ದಾಖಲೆ ಮೂರು ಸೆಷನ್ ಖಾಲಿ ಇದ್ದರೆ, ಆ ಶಕ್ತಿಗೆ +2 ಸೇರಿಸಿ ಪ್ರಯೋಜನವಿಲ್ಲ. ಹೇಳಲು ಏನಾದರೂ ಇರುವ ಕಲ್ಲೊಂದನ್ನು ಗೇಮ್ ಮಾಸ್ಟರ್ ದಾರಿಯಲ್ಲಿ ಇಟ್ಟಿಲ್ಲ, ಅಷ್ಟೇ.

ತಿದ್ದುವ ಕ್ರಮ

ದೋಷ ಎಲ್ಲಿದೆ ಎಂದು ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಸೆಷನ್ ನಡುವೆ ತಿದ್ದಬಾರದು. ಅಲ್ಲಿ ಗೊಂದಲ ಎದ್ದರೆ "ಇವತ್ತಿಗೆ ಹೀಗೆ, ಮುಂದಿನ ಸಲಕ್ಕೆ ಕೂತು ಮಾತಾಡೋಣ" ಎಂದು ತಾತ್ಕಾಲಿಕ ತೀರ್ಪು ಕೊಟ್ಟು ಆಟ ಮುಂದುವರಿಸುವುದು ಒಳಿತು. ಮಾತಾಡುವಾಗ ಮೊದಲು ಕೇಳಬೇಕಾದವರು ಆ ಪಾತ್ರದ ಆಟಗಾರರು. ಈ ಶಕ್ತಿಯಲ್ಲಿ ನಿಮಗೆ ಯಾವುದು ಬಿಟ್ಟುಕೊಡಲಾಗದ್ದು ಎಂದು ಕೇಳಿದರೆ ಅವರು ಹೇಳುವ ಸಂಗತಿ ಬಹಳ ಸಲ ತೊಂದರೆ ಕೊಡುತ್ತಿರುವ ಭಾಗಕ್ಕಿಂತ ಬೇರೆಯೇ ಆಗಿರುತ್ತದೆ, ಆಗ ರಾಜಿ ಸುಲಭ. ಏನನ್ನಾದರೂ ತೆಗೆದುಕೊಂಡರೆ ಏನನ್ನಾದರೂ ಕೊಡಬೇಕು. ಹಳೆಯ ನಿಯಮ, ಹೊಸ ನಿಯಮ ಎರಡನ್ನೂ ಒಂದೇ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಂಡು, ಎರಡು ಸೆಷನ್ ಬಳಿಕ ಮತ್ತೆ ನೋಡೋಣ ಎಂದು ಗಡುವು ಹಾಕಿಕೊಳ್ಳಬೇಕು. ಇಷ್ಟಾದರೂ ಸರಿಹೋಗದ ಶಕ್ತಿಗಳಿವೆ. ಕಾಲವನ್ನು ಹಿಂದಕ್ಕೆ ತಿರುಗಿಸುವ ಪಾತ್ರವೊಂದರ ನಿಯಮವನ್ನು ನಾಲ್ಕು ಬಾರಿ ತಿದ್ದಿ ಸೋತು, ಕೊನೆಗೆ ಆಟಗಾರರ ಒಪ್ಪಿಗೆಯಿಂದಲೇ ಹೊಸ ಪಾತ್ರ ಕಟ್ಟಿದ್ದೇವೆ.

ನೆರಳು ದಾಟುವವರ ವಿಷಯಕ್ಕೆ ಮರಳಿದರೆ, ಹೋಲಿಕೆಗೆ ಪುಸ್ತಕದಲ್ಲೇ ಒಂದು ಶಕ್ತಿ ಸಿಕ್ಕಿತು: ನೆರಳಿನ ಮಾರ್ಗ ಹಿಡಿದ ಮಾಂಕ್ (ಸನ್ಯಾಸಿ ಯೋಧ) ಆರನೇ ಲೆವೆಲ್‌ನಲ್ಲಿ ಬೋನಸ್ ಆಕ್ಷನ್‌ನಿಂದ 60 ಅಡಿ ದಾಟಬಲ್ಲರು, ಹತ್ತಿರ ನಿಂತು ಹೊಡೆಯುವ ಮೊದಲ ಹೊಡೆತಕ್ಕೆ ಅಡ್ವಾಂಟೇಜ್ ಕೂಡ ಉಂಟು. ಅಲ್ಲಿ ಮಂದ ಬೆಳಕಿನಿಂದ ಅಥವಾ ಕತ್ತಲಿನಿಂದ ಮಾತ್ರ ಹೊರಡಬೇಕು, ಸೇರುವ ಜಾಗ ಕಣ್ಣಿಗೆ ಕಾಣುವ ಅಂಥದ್ದೇ ಜಾಗವಾಗಿರಬೇಕು. ನನ್ನ ನಿಯಮದಲ್ಲಿ ಬಿಟ್ಟುಹೋಗಿದ್ದದ್ದು "ಕಣ್ಣಿಗೆ ಕಾಣುವ" ಎಂಬ ಎರಡು ಪದಗಳು. ಮುಚ್ಚಿದ ಬಾಗಿಲಿನ ಆಚೆಗಿನ ನೆರಳು ಯಾರಿಗೂ ಕಾಣುವುದಿಲ್ಲ. ಆಟಗಾರರನ್ನು ಕೇಳಿದಾಗ ಅವರಿಗೆ ಪ್ರಿಯವಾಗಿದ್ದದ್ದು ಕಾಳಗದ ನಡುವೆ ಶತ್ರುವಿನ ಬೆನ್ನ ಹಿಂದೆ ಮೂಡುವುದು; ಬಾಗಿಲುಗಳ ಬಗ್ಗೆ ಅವರು ಯೋಚಿಸಿಯೂ ಇರಲಿಲ್ಲ. ಆ ಎರಡು ಪದಗಳನ್ನು ಸೇರಿಸಿ, ಅಡ್ವಾಂಟೇಜ್ ಹಾಗೆಯೇ ಉಳಿಸಿ, ಆರನೇ ಲೆವೆಲ್‌ನಲ್ಲಿ ದೂರ 60 ಅಡಿಗೆ ಏರುವುದೆಂದು ಬರೆದುಕೊಟ್ಟೆ.

ನಂತರದ ಎರಡು ಸೆಷನ್‌ಗಳಲ್ಲಿ ಗೀಟುಗಳು 13. ಹನ್ನೆರಡು ಕಾಳಗದಲ್ಲಿ. ಉಳಿದ ಒಂದು ಉಗ್ರಾಣವೊಂದರ ಬಾಗಿಲಿನಲ್ಲಿ: ಬೀಗ ತೆರೆಯುವವರು ಮೊದಲು ಬಾಗಿಲ ಹಲಗೆಯಲ್ಲಿ ಬೆರಳಗಲದ ಸೀಳೊಂದನ್ನು ಸದ್ದಿಲ್ಲದೆ ಮಾಡಿದರು, ಆ ಸೀಳಿನಲ್ಲಿ ಕಣ್ಣಿಟ್ಟು ಒಳಗಿನ ಪೀಪಾಯಿಯ ನೆರಳನ್ನು ಕಂಡವರು ದಾಟಿದರು. ದಾಖಲೆಯ ಕೊನೆಯ ಕಾಲಂನಲ್ಲಿ, ಕೆಲಸ ಕಳೆದುಕೊಂಡವರ ಹೆಸರು ಬರೆಯುವ ಜಾಗದಲ್ಲಿ, ಆ ಸಲ ಬರೆಯಲು ಯಾರೂ ಇರಲಿಲ್ಲ.